ಹಲ್ಲಿನ ಡಾಕ್ಟರಿಗೆ ಹಲ್ಲುನೋವು

ಬೆಳಗಿನಿಂದ ದವಡೆಹಲ್ಲು ಸಿಡಿಯುತ್ತಿತ್ತು. ನಾಲ್ವರು ರೋಗಿಗಳನ್ನು ಹೊರಗೆ ಕೂರಿಸಿ, ಹಲ್ಲಿನ ಡಾಕ್ಟರು ಕೆನ್ನೆ ಹಿಡಿದುಕೊಂಡು ಮಹಡಿ ಹತ್ತಿದರು. ಅಲ್ಲಿ ಅವರ ಅಕ್ಕ ಅಕ್ಯುಪಂಕ್ಚರ್ ಎಂಬ ಸೂಜಿಚಿಕಿತ್ಸೆ ಮಾಡುತ್ತಿದ್ದರು. ಆ ಸೂಜಿಗಳನ್ನು ಹತ್ತು ವರ್ಷದಿಂದ ಆಡಿಕೊಂಡು ಬಂದವರು ಈ ತಮ್ಮನೇ. ಡಾಕ್ಟರ ಹುಳುಕು ಹಲ್ಲು ತುಂಬಬೇಕಾದ ದಂತವೈದ್ಯ ಸ್ನೇಹಿತ ಬರುವುದು ಸಂಜೆಗೆ. ಅಲ್ಲಿಯವರೆಗೆ ಕೈ ನಡುಗದೆ ಕೆಲಸ ಮಾಡಬೇಕಿತ್ತು.

“ಏನೋ, ದಾರಿ ತಪ್ಪಿ ಬಂದ್ಯಾ?” ಎಂದ ಅಕ್ಕ, ತಮ್ಮನ ಹೆಬ್ಬೆರಳು ತೋರುಬೆರಳುಗಳ ನಡುವೆ ಕೂದಲೆಳೆಯಂಥ ಸೂಜಿ ಇಳಿಸಿದರು.

“ನೋವು ಹಲ್ಲಲ್ಲಿ ಕಣಕ್ಕಾ, ಕೈಯಲ್ಲಲ್ಲ!”

“ಡಾಕ್ಟರು ನೀನು. ನರದ ದಾರಿ ನೀನೇ ಹೇಳು.”

ಅವರು ಕಣ್ಣು ಮುಚ್ಚಿ ಪಾಠ ಒಪ್ಪಿಸತೊಡಗಿದರು. “ಚುಚ್ಚಿದ ಸುದ್ದೀನ ಕೈಯ ನರ ಮಿದುಳಿಗೆ ಮುಟ್ಟಿಸುತ್ತೆ. ಮಿದುಳು ತನ್ನದೇ ನೋವಿನ ಮದ್ದು ಬಿಡಬಹುದು. ಆಗ ಹಲ್ಲಿನ ಕೂಗು ಅದಕ್ಕೆ ಅಷ್ಟಾಗಿ ಕೇಳಿಸದೇ ಇರಬಹುದು. ‘ಬಹುದು’ ಅಂದೆ, ಖಾತ್ರಿ ಇಲ್ಲ!”

ಇಪ್ಪತ್ತು ನಿಮಿಷದ ಮೇಲೆ ಅಕ್ಕ ಸೂಜಿ ತೆಗೆದರು. “ಹೋಯ್ತಾ?”

“ಹೋಗಿಲ್ಲ. ಮೂಲೇಲಿ ತೆಪ್ಪಗೆ ಕೂತಿದೆ.”

“ಅಷ್ಟು ಸಾಕು. ಸಂಜೆ ಹಲ್ಲು ತುಂಬಿಸ್ಕೋ. ಸೂಜಿ ಹುಳುಕು ತೆಗೆಯಲ್ಲ.”

ಕೆಳಗೆ ರೋಗಿಯ ಕುರ್ಚಿಯಲ್ಲಿ ಕೂತ ಅಜ್ಜಿಯೊಬ್ಬರು ಗದರಿದರು: “ಹಲ್ಲುನೋವು ಅಂದ್ರೆ ನಿಮಗೇನಪ್ಪಾ ಗೊತ್ತು?”

ಡಾಕ್ಟರು ಬಾಯ್ತುಂಬ ನಕ್ಕು, ನಡುಗದ ಕೈಯಲ್ಲಿ ಕೆಲಸಕ್ಕೆ ತೊಡಗಿದರು.