ಹಲಗೆಯ ಮೇಲಿನ ಚಿನ್ನ

ಈ ಹೆಬ್ಬೆರಳಿನ ಆಣೆ, ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಉಗುರಿನ ಬುಡದಲ್ಲಿ ಹಳದಿ ಬಣ್ಣ ಇನ್ನೂ ಇದೆ, ನೋಡಿ. ಉಗುರು ಬೆಳೆಯುತ್ತಲೇ ಇದೆ, ಬಣ್ಣ ಮಾತ್ರ ಮೂವತ್ತು ವರ್ಷದಿಂದ ಜಾಗ ಬಿಟ್ಟು ಕದಲಿಲ್ಲ.

ನಮ್ಮೂರು ಹೊಳೆಯ ಈ ದಡದಲ್ಲಿತ್ತು. ಆ ದಡ ಬೇರೆ ದೇಶ. ತಮ್ಮ ಖಜಾನೆಯಲ್ಲಿ ಎಷ್ಟು ಮಣ ಚಿನ್ನವಿದೆ ಎಂದು ಎರಡೂ ದೇಶದವರು ದಡದ ಹಲಗೆಯ ಮೇಲೆ ಹಳದಿ ಅಂಕಿಯಲ್ಲಿ ಬರೆಸುತ್ತಿದ್ದರು. ಹುಣ್ಣಿಮೆಗೊಮ್ಮೆ ಖಜಾನೆಯಿಂದ ಚೀಟಿ ಬರುತ್ತಿತ್ತು, ನಾನು ಏಣಿ ಹತ್ತಿ ಬರೆಯುತ್ತಿದ್ದೆ. ತಪ್ಪು ಬರೆದರೆ ಹೆಬ್ಬೆರಳು ಕತ್ತರಿಸುತ್ತಿದ್ದರು. ಅಜ್ಜನ ಕಾಲದಲ್ಲಿ ನಮ್ಮದು ಮುಂದಿತ್ತಂತೆ. ಅಪ್ಪನ ಕಾಲಕ್ಕೆ ಅವರು ಸಮಕ್ಕೆ ಬಂದರು. ನನ್ನ ಕಾಲಕ್ಕೆ ನಾವು ನಾಲ್ಕುನೂರು, ಅವರು ನಾಲ್ಕುನೂರ ಮೂವತ್ತು.

ನನಗಿದ್ದುದು ದೇಶದ ಚಿಂತೆಯಲ್ಲ, ಆ ದಡದ ಹಲಗೆ ಬರೆಯುವ ಓಬಣ್ಣನ ಮಗಳು ಚನ್ನಾಜಿಯದು. ಚಿನ್ನ ಕಡಿಮೆಯಿರುವ ದಡಕ್ಕೆ ಹೆಣ್ಣು ಕೊಡುವ ಪದ್ಧತಿ ಇರಲಿಲ್ಲ.

"ಮೂವತ್ತು ಮಣ ಕೆಳಗಿದೀಯಲ್ಲೋ ಅಳಿಯ," ಎಂದು ಓಬಣ್ಣ ಎಲೆಅಡಿಕೆ ಜಗಿಯುತ್ತ ಅಂದ. "ಮೊದ್ಲು ಮೇಲೆ ಬಾ, ಆಮೇಲೆ ಬಾಸಿಂಗ ಕಟ್ಟೋಣ."

ಮುಂದಿನ ಹುಣ್ಣಿಮೆಯ ಚೀಟಿಯಲ್ಲೂ ನಾಲ್ಕುನೂರೇ ಇತ್ತು. ನಾನು ನಾಲ್ಕುನೂರ ನಲವತ್ತು ಬರೆದೆ. ಊರೇ ಚಪ್ಪಾಳೆ ತಟ್ಟಿತು. ಚೀಟಿ ಕೊಟ್ಟ ಅಧಿಕಾರಿಯೂ ತಟ್ಟಿದ. ಹೊತ್ತು ಇಳಿಯುವ ಮೊದಲೇ ಆ ದಡದಲ್ಲಿ ನಾಲ್ಕುನೂರ ಅರವತ್ತು ಹೊಳೆಯಿತು.

ಹುಣ್ಣಿಮೆ ಹುಣ್ಣಿಮೆಗೂ ನಾನು ಏರಿಸಿದೆ, ಅವರು ಮೀರಿಸಿದರು. ಕೊನೆಗೆ ನಮ್ಮದು ಒಂಬೈನೂರ ತೊಂಬತ್ತೆಂಟು, ಅವರದು ಒಂಬೈನೂರ ತೊಂಬತ್ತೊಂಬತ್ತು. ಹಲಗೆಯಲ್ಲಿ ನಾಲ್ಕನೆಯ ಅಂಕಿಗೆ ಜಾಗವಿರಲಿಲ್ಲ. ಓಬಣ್ಣನ ಕಾಲು ಹಿಡಿಯೋಣವೆಂದು ದೋಣಿ ಹತ್ತಿದೆ. ಹೋಗಿ ನೋಡಿದರೆ ಏಣಿಯ ಮೇಲಿದ್ದವಳು ಚನ್ನಾಜಿ.

"ನೀನಾ?"

"ಅಪ್ಪಂಗೆ ಕೈ ನಡುಗ್ತದೆ. ಎರಡು ವರ್ಷದಿಂದ ನಾನೇ ಬರೆಯೋದು."

"ಮತ್ಯಾಕೆ ಏರಿಸ್ತಾ ಹೋದೆ ಮಾರಾಯ್ತಿ?"

"ನನಗೋಸ್ಕರ ಬೆರಳನ್ನ ಎಲ್ಲೀತನಕ ಪಣ ಇಡ್ತೀಯ ನೋಡೋಣ ಅಂತ."

"ನೋಡಿದ್ಯಲ್ಲ. ಈಗ ಎರಡು ಇಳಿಸು."

ಅವಳ ಮುಖ ಸಣ್ಣದಾಯಿತು. "ಏರಿಸಿದ್ರೆ ಯಾರೂ ತೂಗೋಲ್ಲ ಕಣೋ. ಇಳಿಸಿದ್ರೆ ಖಜಾನೆ ತೆಗೀತಾರೆ. ಆಗ ಹೋಗೋದು ನನ್ನ ಬೆರಳು."

"ಹಂಗಾದ್ರೆ ಬೇಡ ಬಿಡು," ಎಂದು ವಾಪಸು ಬಂದೆ.

ಮುಂದಿನ ಹುಣ್ಣಿಮೆ ಆ ದಡದ ಹಲಗೆ ನೋಡಿ ನನ್ನ ಕೈಯ ಬಣ್ಣದ ಡಬ್ಬಿ ಜಾರಿತು. ಒಂಬೈನೂರ ತೊಂಬತ್ತೇಳು. ಮಧ್ಯಾಹ್ನದೊಳಗೆ ಅವರ ಅಧಿಕಾರಿಗಳು ತಕ್ಕಡಿ ಹೊತ್ತು ಖಜಾನೆಯ ಒಳಹೊಕ್ಕರು. ಮೂರು ದಿನ ತೂಗಿದರು. ಮೂರು ದಿನವೂ ಚನ್ನಾಜಿ ಹೆಬ್ಬೆರಳು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಹೊಳೆ ದಾಟಿ ಬಂದ ನಾನು. ಹಿರಿಯ ಅಧಿಕಾರಿ ಹೊರಬಂದು, "ಒಂಬೈನೂರ ತೊಂಬತ್ತೇಳು. ಲೆಕ್ಕ ಸರಿಯಿದೆ," ಎಂದು ಸಾರಿದ. ಅವನ ಮೀಸೆಗೆ ಜೇಡರ ಬಲೆ ಅಂಟಿತ್ತು. ಬೀಗವನ್ನು ತಾನೇ ಜಡಿದ.

ಆ ವಾರವೇ ಮದುವೆಯಾಯಿತು. ಇನ್ನು ನಮ್ಮ ದಡದ ಖಜಾನೆಯ ವಿಷಯ. ಅದರ ಕಿಂಡಿಯಲ್ಲಿ ಇಣುಕಿದವನು ನಾನೊಬ್ಬನೇ. ಒಳಗೆ, ಈ ಬೆರಳಿನ ಆಣೆ, ಆನೆಗಾತ್ರದ ಚಿನ್ನದ—

"ಹೋದ್ಸಲ ಕುದುರೆಗಾತ್ರ ಇತ್ತು," ಎಂದು ಚನ್ನಾಜಿ ಎದ್ದು ಒಳಗೆ ಹೊರಟಳು. ಹೊಸಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿದ ಅವಳ ಹೆಬ್ಬೆರಳಿನ ಉಗುರಲ್ಲೂ ಹಳದಿ.