ಸುನಂದಾಳ ಹೆಸರಿನ ಕಲ್ಲುಹೂವು

ಮಸಾಲೆಗೆ ಹಾಕುವ ಕಲ್ಲುಹೂವು ಎಲ್ಲರಿಗೂ ಗೊತ್ತು. ಅದರ ಬಳಗದವು ಬಂಡೆಗೆ ಅಂಟಿಕೊಂಡು ಬೆಳೆಯುವುದನ್ನು ನೋಡುತ್ತಲೇ ಆಯುಷ್ಯ ಕಳೆದವರು ಬಸವನ ಬಾಗೇವಾಡಿಯ ಬಸಂತರಾಯರು. ಕಾಲೇಜಿನಿಂದ ನಿವೃತ್ತರಾದರೂ ಊರಿಗೆ ಅವರು ಕಲ್ಲುಹೂವಿನ ಸರ್.

ಅವರು ಜಗತ್ತಿಗೆ ಕೊಟ್ಟ ಹೊಸ ಪ್ರಭೇದಗಳು ಎರಡು. ಆಲಮಟ್ಟಿಯ ಬಿಸಿಲುಬಂಡೆಯ ಹಳದಿಯದಕ್ಕೆ, ಮದುವೆಗೂ ಮುಂಚೆ, ಜೊತೆಗೆ ಪಾಠ ಮಾಡುತ್ತಿದ್ದ ಜಯಮಾಲಾಳ ಹೆಸರಿಟ್ಟರು. ಮದುವೆಯಾದ ವರ್ಷ ಗೊಳಸಂಗಿಯ ಬೇವಿನ ಬುಡದ ಕಲ್ಲಿನ ಮೇಲೆ ಸಿಕ್ಕ ಬೂದುಬಣ್ಣದ್ದಕ್ಕೆ ಹೆಂಡತಿ ಸುನಂದಾಳ ಹೆಸರು. ಮನೆಗೆ ಯಾರೇ ಬಂದರೂ ಸುನಂದಾ ಚಹಾಕ್ಕಿಂತ ಮೊದಲು ಕೊಡುತ್ತಿದ್ದುದು ಈ ಸುದ್ದಿ.

“ಲೋಕದಾಗ ಯಾರೂ ನೋಡಲಾರದ್ದು ಹುಡಿಕಿ ನನ್ನ ಹೆಸರ ಇಟ್ಟಾರ್ರಿ ಇವ್ರು.”

ಈ ಸಂಭ್ರಮಕ್ಕೆ ಕಲ್ಲು ಹಾಕಿದವಳು ಸರ್ ಅವರ ಶಿಷ್ಯೆ ಮುಬೀನಾ. ಎರಡರ ಚೂರುಗಳನ್ನೂ ಡಿಎನ್‌ಎ ಪರೀಕ್ಷೆಗೆಂದು ಅವಳ ಕೈಗೆ ಕೊಟ್ಟವರು ಸ್ವತಃ ಬಸಂತರಾಯರೇ. ವಿಜ್ಞಾನ ತಮ್ಮ ಬೆನ್ನು ತಟ್ಟುತ್ತದೆಂದು ನಂಬಿದ್ದರು, ಪಾಪ.

ಮುಬೀನಾ ಪಡಸಾಲೆಯಲ್ಲಿ ಕೂತು ತಡವರಿಸಿದಳು. “ಸರ್, ಎರಡೂ ಒಂದ ಅದಾವ್ರಿ. ಬಿಸಲಾಗ ಹಳದಿ, ನೆಳ್ಳಾಗ ಬೂದಿ. ಅಷ್ಟ ಫರಕು.”

“ಮತ್ತೊಮ್ಮಿ ನೋಡವಾ.”

“ನೋಡೇನ್ರಿ. ಎಷ್ಟ ಸಲ ನೋಡಿದ್ರೂ ಒಂದ.”

ಒಂದೇ ಜೀವಕ್ಕೆ ಎರಡು ಹೆಸರಾದರೆ ಮೊದಲು ಇಟ್ಟದ್ದೇ ಉಳಿಯಬೇಕು. ಈ ನಿಯಮವನ್ನು ತರಗತಿಯಲ್ಲಿ ಮೇಜು ಕುಟ್ಟಿ ಕಲಿಸಿದ ಸರ್ ಈಗ ದನಿ ತಗ್ಗಿಸಿ ಕೇಳಿದರು. “ಇದನ್ನ ಅಚ್ಚು ಹಾಕಸಾಕ ಬೇಕೇನು?”

ಅಷ್ಟರಲ್ಲಿ ಸುನಂದಾ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಸಂತರಾಯರು ಜಯಮಾಲಾಳ ಬಗ್ಗೆ ಹೇಳಲು ಗಡಿಬಿಡಿಯಲ್ಲಿ ನಾಲ್ಕು ಸಬೂಬು ಜೋಡಿಸಿಕೊಂಡರು.

“ಆ ಜಯಮಾಲಾ ಬಾಯಾರ ಹೆಸರ ಉಳೀಲಿ ಬಿಡ್ರಿ,” ಎಂದಳು ಸುನಂದಾ. “ಅವ್ರೇನು ನನಗ ವೈರಿ ಅಲ್ಲ.”

ಸರ್ ಉಸಿರು ಬಿಟ್ಟರು. ಬೀಸುವ ದೊಣ್ಣೆ ತಪ್ಪಿತೆಂದು ಚಹಾಕ್ಕೆ ಕೈ ಚಾಚಿದರು. ಆಕೆ ಕಪ್ಪು ಕೊಡಲಿಲ್ಲ.

“ಒಂದ ಹೇಳ್ರಿ. ಅವಾಗ ನನ್ನ ಹೆಸರ ಇಡಬೇಕಾರ, ಅದರಾಗ ನಿಮಗ ಹೊಸಾದು ಏನ ಕಂಡಿತ್ತು?”

ಕಲ್ಲುಹೂವಿನ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲ ಬಸಂತರಾಯರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಅವರಿಗೆ ಕಂಡದ್ದು ಬೇವಿನ ಮರದ ನೆರಳು, ಬೇರೇನೂ ಅಲ್ಲ.