ಹದಿನಾಲ್ಕು ಸಲ ಕೇಳಿದ

ನಮ್ಮ ಕೌಂಟಿಯಲ್ಲಿ ಯಾರು ಹೇಗೆ ಸತ್ತರು ಎಂದು ಬರೆಯುವ ಕೆಲಸ ನನ್ನದು. ಕಾರೋನರ್ ಎನ್ನುತ್ತಾರೆ. ಪೊಲೀಸು, ಜೈಲು ನೋಡಿಕೊಳ್ಳುವ ಷೆರಿಫನನ್ನು ಆರಿಸಿದ ಹಾಗೆಯೇ ಜನ ನನ್ನನ್ನೂ ವೋಟು ಹಾಕಿ ಕೂರಿಸಿದ್ದಾರೆ. ನಾನೇನು ಅವನ ಮನೆಯಾಳಲ್ಲ. ಇಪ್ಪತ್ತೆರಡು ವರ್ಷವಾದರೂ ಷೆರಿಫ್ ವೇಡ್ ಕೆಸ್ಲರನ ತಲೆಗೆ ಇದು ಹೋಗಿಲ್ಲ.

ಕೋರ್ಟಿನ ತಾರೀಖು ತಪ್ಪಿಸಿದ್ದಕ್ಕೆ ಒಳಗೆ ಹಾಕಿದ್ದ ಟ್ರೆಂಟ್ ಬಾಮ್‌ಗಾರ್ಟ್, ಇಪ್ಪತ್ನಾಲ್ಕರ ಹುಡುಗ, ಮೂರನೇ ದಿನ ಜೈಲಿನಲ್ಲೇ ಸತ್ತ. ನಾನು ಹೋದಾಗ ವೇಡ್ ಬಾಗಿಲಿಗೆ ಅಡ್ಡ ನಿಂತಿದ್ದ.

"ಡ್ರಗ್ಸ್ ಕಣೇ ಲೊರೆಟಾ. ಬರ್ದು ಕೈ ತೊಳ್ಕೋ."

"ನೀನ್ಯಾವಾಗಯ್ಯ ಡಾಕ್ಟ್ರಾದೆ? ಸರಿ ಆಚೆ."

ಊರೂ ಅದನ್ನೇ ಆಡತೊಡಗಿತು. ಸಾವಿನ ಮನೆಗೆ ಅಡುಗೆ ಮಾಡಿಕೊಂಡು ಹೋಗುವುದು ನಮ್ಮ ಚರ್ಚಿನ ಹೆಂಗಸರ ರೂಢಿ. ಟ್ರೆಂಟನ ತಾಯಿ ಅರ್ಲೀನಳ ಮನೆಗೆ ಒಂದು ಪಾತ್ರೆಯೂ ಹೋಗಲಿಲ್ಲ. ಕೊನೆಗೆ ನಾನೇ ಒಂದು ಪಾತ್ರೆ ಹಿಡಿದು ಹೋದೆ.

"ಅವ್ನು ಡ್ರಗ್ಸ್ ಮುಟ್ದೋನಲ್ಲ ಲೊರೆಟಾ," ಎಂದು ಅರ್ಲೀನ್ ನನ್ನ ಕೈ ಹಿಡಿದಳು. "ಸಕ್ಕರೆ ಕಾಯಿಲೆ ಇತ್ತು. ಜೈಲಿಗೆ ಇನ್ಸುಲಿನ್ ತಗೊಂಡೋದ್ರೆ ವಾಪಸ್ ಕಳಿಸಿದ್ರು. ಅವ್ನ ಹೆಸರಾದ್ರೂ ಉಳಿಸ್ಕೊಡು."

ಸತ್ತ ಮೇಲೆ ರಕ್ತದೊಳಗಿನ ಸಕ್ಕರೆಯ ಲೆಕ್ಕ ನಂಬುವಂತಿಲ್ಲ. ಕಣ್ಣೊಳಗಿನ ನೀರು ಅಷ್ಟು ಬೇಗ ಕೆಡುವುದಿಲ್ಲ. ಸೂಜಿಯಿಂದ ಅದನ್ನು ತೆಗೆದು, ಜೊತೆಗೆ ರಕ್ತವನ್ನೂ ಲ್ಯಾಬಿಗೆ ಕಳಿಸಿದೆ. ಕಣ್ಣಿನ ನೀರಿನಲ್ಲಿ ಇನ್ನೂರು ದಾಟಿದರೇ ಹೆಚ್ಚು, ಇವನದು ಎಂಟುನೂರು ದಾಟಿತ್ತು. ಡ್ರಗ್ಸಿನ ಸುಳಿವೇ ಇಲ್ಲ. ಸಮನ್ಸ್ ಕೊಟ್ಟು ಜೈಲಿನ ದಿನಚರಿ ತರಿಸಿದೆ. 'ಇನ್ಸುಲಿನ್ ಕೇಳಿದ. ನಾಟಕ.' ಹೀಗೆ ಹದಿನಾಲ್ಕು ಕಡೆ ಬರೆದಿತ್ತು. ಬರೆದವನ ಕೈ ಸೇದಿಹೋಗಬಾರದೇ ಎಂದು ಶಪಿಸಿದೆ.

ಸಾವಿನ ಕಾರಣವನ್ನು ಮೊದಲು ಮನೆಯವರಿಗೆ, ಅವರ ಮನೆಯಲ್ಲೇ ಕೂತು ಹೇಳುವುದು ನನ್ನ ಪದ್ಧತಿ. ಅರ್ಲೀನಳ ಅಡುಗೆಮನೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಮರಣಪತ್ರಕ್ಕೆ ಸಹಿ ಹಾಕಬೇಕು, ಅಷ್ಟರಲ್ಲಿ ವೇಡನ ಫೋನ್ ಬಂತು.

"ಸಕ್ಕರೆ ಕಾಯಿಲೆ ತಾನೇ? ಸಹಜ ಸಾವು ಅಂತ ಬರಿ. ಇಲ್ಲಾಂದ್ರೆ ನವೆಂಬರ್ ಚುನಾವಣೇಲಿ ಸೋಲ್ಸಿ ನಿನ್ನನ್ನ ಮನೆಗೆ ಕಳಿಸ್ತೀನಿ."

"ಕಳ್ಸು ಮಾರಾಯ, ಟೊಮ್ಯಾಟೊ ಬೆಳ್ಕೊಂಡಿರ್ತೀನಿ. ಅರ್ಲೀನ್ ಇಲ್ಲೇ ಕೂತಿದ್ದಾಳೆ. ಸಹಜ ಅನ್ನೋದನ್ನ ಅವಳಿಗೇ ಹೇಳು."

ಸ್ಪೀಕರ್ ಹಾಕಿ ಫೋನನ್ನು ಅವಳ ಮುಂದಕ್ಕೆ ತಳ್ಳಿದೆ. ಅವಳು ಅಳುತ್ತಿರಲಿಲ್ಲ.

"ವೇಡ್, ನನ್ನ ಮಗ ಹದಿನಾಲ್ಕು ಸಲ ಕೇಳಿದ್ನಂತೆ. ಹದಿನೈದನೇ ಸಲ ಯಾಕೆ ಕೇಳ್ಲಿಲ್ಲ ಅಂತ ನಿಮ್ಮಲ್ಲಿ ಒಬ್ರಾದ್ರೂ ಹೋಗಿ ನೋಡಿದ್ರಾ?"

ವೇಡ್ ಫೋನ್ ಕಟ್ ಮಾಡಿದ.

'ಬೇರೆಯವರ ಕೈಯಿಂದಾದ ಸಾವು' ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದೆ. ಅರ್ಲೀನ್ ಆ ಚೌಕದ ಮೇಲೆ ಬೆರಳಿಟ್ಟಳು.

"ಇದನ್ನ ಅವ್ನು ಅಳಿಸ್ಬೋದಾ?"

"ಅವನ ಕೈಲಿ ಆಗಲ್ಲ," ಎಂದೆ. "ನಾನು ಅಳಿಸಲ್ಲ."